ತಳದ ಊಟ

ಪತ್ರಿಕೆಯಲ್ಲಿ ಅಂಗಡಿಯ ಸುದ್ದಿ ಬಂದ ದಿನ ಅಂಗಡಿಯವರಿಗೇ ಮಧ್ಯಾಹ್ನದ ಊಟ ಸಿಗಲಿಲ್ಲ.

ಹೇಗೆ ಅಂತೀರಾ? ಹೇಳುತ್ತೇನೆ. ಆ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಹತ್ತು ನಿಮಿಷ ಸಾಕು. ಅಷ್ಟರಲ್ಲಿ ತಿನ್ನುವುದಕ್ಕೆ ಮೂವತ್ತು ಕಡೆ, ಕುಡಿಯುವುದಕ್ಕೆ ಹನ್ನೆರಡು ಕಡೆ. ಬೀದಿಬದಿಗೆ ಬಣ್ಣದ ಕುರ್ಚಿ ಹಾಕಿ ಕಾಫಿ ಕೊಡುವವರು, ಹಗಲಲ್ಲೂ ದೀಪ ಹಚ್ಚಿಕೊಂಡು ಬಿಯರ್ ಸುರಿಯುವವರು, ನಿಂತಲ್ಲೇ ಮೀನು ಹುರಿದು ಕಾಗದದಲ್ಲಿ ಸುತ್ತಿ ಕೊಡುವವರು. ರಜೆಯ ದಿನ ಬಂದರೆ ನಗರದವರೆಲ್ಲ ಮನೆಯ ಒಲೆ ಆರಿಸಿ ಇಲ್ಲಿಗೇ ಬಂದರೇನೋ ಅನ್ನಿಸಬೇಕು. ಒಂದು ಕ್ಷೌರದಂಗಡಿಗೂ ಒಂದು ಬಾರಿಗೂ ನಡುವೆ ಎಂಟು ಮೇಜಿನ ಊಟದ ಅಂಗಡಿ. ಅದರ ಮೇಲಿನ ಎರಡು ಕೋಣೆಯಲ್ಲಿ ಸಂಸಾರ. ಅಂಗಡಿ ಕಟ್ಟಿದ ಮುದುಕಿ, ಅಡುಗೆ ಮಾಡುವ ಮಗ, ಬಡಿಸುವ ಸೊಸೆ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವ ಇಪ್ಪತ್ತೆರಡರ ಮೊಮ್ಮಗಳು. ಮುದುಕಿಯನ್ನು ಬೀದಿಯವರೆಲ್ಲ ಸೌಟಮ್ಮ ಅನ್ನುತ್ತಿದ್ದರು. ಮೊಮ್ಮಗಳು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅವಳು ಗಿಣಿ.

ಅಂಗಡಿಯಲ್ಲಿ ಇರುವುದು ಒಂದೇ ಒಲೆ, ಒಂದೇ ಹಂಡೆ. ಬೆಳಗಿನ ಐದಕ್ಕೆ ಮೂಳೆ, ಕಾಳು, ಗಡ್ಡೆ ಎಲ್ಲ ಹಾಕಿ ಇಟ್ಟರೆ ಹನ್ನೆರಡಕ್ಕೆ ಸಾರು ಇಳಿಯುತ್ತದೆ. ಬ್ರೆಡ್ಡಿನ ಜೊತೆ ಅದೇ ಊಟ, ಬೇರೆ ಏನೂ ಇಲ್ಲ; ಸಂಜೆ ಬರುವವರಿಗೆ ಬರೀ ಟೀ, ಬ್ರೆಡ್ಡು. ಸೌಟಮ್ಮನ ಕಟ್ಟುನಿಟ್ಟು ಏನೆಂದರೆ, ಗಿರಾಕಿ ಮೊದಲು, ಮನೆಯವರು ಆಮೇಲೆ. ಎರಡೂವರೆಗೆ ಕೊನೆಯ ಗಿರಾಕಿ ಎದ್ದ ಮೇಲೆ ಹಂಡೆಯ ತಳದಲ್ಲಿ ಎಷ್ಟು ಉಳಿಯಿತೋ ಅದು ಮನೆಯವರ ಊಟ. ಗಂಡ ಸತ್ತ ವರ್ಷ, ಮೂರು ವರ್ಷದ ಮಗನನ್ನು ಸೊಂಟಕ್ಕೆ ಕಟ್ಟಿಕೊಂಡು ಅಂಗಡಿ ಹಾಕಿದಾಗಿನಿಂದ ಇದೇ ನಡೆದುಬಂದಿತ್ತು. "ಹಸ್ಕೊಂಡು ಬಂದೋನ್ನ ಬಾಗಿಲಿಂದ ವಾಪಸ್ ಕಳಿಸಿ ನಾವು ಉಂಡ್ರೆ ಆ ಅನ್ನ ಮೈಗೆ ಹತ್ತಲ್ಲ" ಅನ್ನುವುದು ಅವಳ ಮಾತು. ಸುಳ್ಳು ಹೇಳಬಾರದು, ತಳದ್ದರಲ್ಲಿ ರುಚಿಯೂ ಇತ್ತು. ಕಾಳು, ಮಜ್ಜೆ ಎಲ್ಲ ಕೆಳಗೇ ಕೂತಿರುತ್ತಿತ್ತಲ್ಲ!

ಎರಡು ವರ್ಷದ ಹಿಂದೆ ಸೌಟಮ್ಮನಿಗೆ ಸಕ್ಕರೆ ಕಾಯಿಲೆ ಏರಿ, ದಿನಕ್ಕೆರಡು ಸೂಜಿ ಶುರುವಾಯಿತು. ಮಧ್ಯಾಹ್ನದ್ದು ಎರಡೂವರೆಗೆ. ಸೂಜಿ ಹಾಕುವುದನ್ನು ಸೊಸೆಗೆ ಹೇಳಿಕೊಟ್ಟ ನರ್ಸು ಬೆರಳು ತೋರಿಸಿ ಎಚ್ಚರಿಸಿದ್ದಳು: "ಸೂಜಿ ಹಾಕಿದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಊಟ ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಸಕ್ಕರೆ ಪೂರ್ತಿ ಇಳಿದುಹೋಗತ್ತೆ. ಆಮೇಲೆ ನಂಗೆ ಹೇಳಿದ್ರೆ ಪ್ರಯೋಜನ ಇಲ್ಲ." ಎರಡೂವರೆಗೆ ಸೂಜಿ, ಎರಡೂ ಮುಕ್ಕಾಲಿಗೆ ತಳದ ಊಟ. ಗಡಿಯಾರಕ್ಕೆ ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡಿತು.

ಆಗ ಗಿಣಿ ಬಾಯಿ ಬಿಟ್ಟಳು.

ಕನ್ನಡಕ ಕೊಳ್ಳಲು ಬಂದ ಹೆಂಗಸೊಬ್ಬಳು ಪತ್ರಿಕೆಗೆ ಬರೆಯುವವಳಂತೆ. ಈ ಬೀದಿಯಲ್ಲಿ ಎಲ್ಲಿ ತಿನ್ನಬೇಕು, ಎಲ್ಲಿ ಕುಡಿಯಬೇಕು ಅಂತ ಪಟ್ಟಿ ಮಾಡುತ್ತಿದ್ದಾಳಂತೆ. ಗಿಣಿ ಕೈಹಿಡಿದು ಕರೆತಂದಳು. ಆಕೆ ಉಂಡಳು, ಸೌಟಮ್ಮನ ಹತ್ತಿರ ಒಂದು ಗಂಟೆ ಮಾತಾಡಿದಳು, ಹೋದಳು. ಭಾನುವಾರ ಹನ್ನೆರಡು ಜಾಗಗಳ ಪಟ್ಟಿಯಲ್ಲಿ ಇವರದು ಏಳನೆಯದು. ಸಾರಿನ ಬಗ್ಗೆ ಮೂರೇ ಸಾಲು. ಮಿಕ್ಕಿದ್ದೆಲ್ಲ ಮನೆಯ ಕಟ್ಟಳೆ ಬಗ್ಗೆ: 'ಇಲ್ಲಿ ನೀವು ಉಂಡು ಏಳುವವರೆಗೆ ಮನೆಯವರು ತುತ್ತು ಮುಟ್ಟುವುದಿಲ್ಲ. ನೀವು ಬಿಟ್ಟದ್ದೇ ಅವರ ಊಟ. ನಮ್ಮ ಕಾಲದಲ್ಲೂ ಇಂಥ ಮನೆ ಇದೆ.'

ಅವತ್ತು ಒಂದೂವರೆಗೆ ಹಂಡೆ ಕೆರೆದದ್ದಾಯಿತು. ಸೂಜಿ ಬೇಗ ಹಾಕಿ, ನಾಲ್ವರೂ ಮೊಟ್ಟೆ ಬೇಯಿಸಿಕೊಂಡು ಬ್ರೆಡ್ಡಿನ ಜೊತೆ ತಿಂದರು. ಎಲ್ಲರಿಗೂ ನಗು. ಮಗ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ.

ಎರಡನೆಯ ವಾರಕ್ಕೆ ನಗು ಮುಗಿಯಿತು.

"ಇವತ್ತೂ ಬ್ರೆಡ್ಡೇನಾ?" ಅಂದಳು ಗಿಣಿ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಅಂದಳು ಸೊಸೆ. "ಊರಿಗೆಲ್ಲ ನಮ್ಮಲ್ಲಿ ಊಟ, ನಮಗೆ ನಮ್ಮಲ್ಲಿ ಊಟ ಇಲ್ಲ. ರೀ, ಇನ್ನೊಂದು ಹಂಡೆ ಇಡಿ ಅಂದ್ರೆ ಕೇಳಲ್ಲ ನೀವು."

"ಎಲ್ಲಿಡ್ಲಿ? ನಿನ್ ತಲೆ ಮೇಲಾ? ಒಲೆ ಇರೋದೇ ಒಂದು."

"ಹಾಗಾದ್ರೆ ಮೇಲ್ಗಡೆ ನಂಗೊಂದು ಚಿಕ್ಕ ಒಲೆ ತಂದ್ಕೊಡಿ. ನಾಲ್ಕು ಜನಕ್ಕೆ ನಾನು ಬೇಯಿಸ್ತೀನಿ. ಅತ್ತೆಗೆ ದಿನಾ ಒಣ ಬ್ರೆಡ್ ಕೊಡೋದಾ? ಕಾಯಿಲೆ ಮನುಷ್ಯರು."

ಸೌಟಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದ ಕೈ ನಿಲ್ಲಿಸಿದಳು. "ಒಂದು ಮನೇಲಿ ಎರಡು ಒಲೆನಾ? ಬೇರೆ ಹೋಗ್ಬೇಕು ಅಂತಿದ್ರೆ ನೆಟ್ಟಗೆ ಹೇಳಿಬಿಡು."

"ಅಜ್ಜಿ, ಅಮ್ಮ ಕೇಳ್ತಿರೋದು ಬೇಯಿಸೋ ಒಲೆ. ಬೇರೆ ಹೋಗೋ ಒಲೆ ಅಲ್ಲ."

"ನೀನು ಸುಮ್ನಿರೇ. ನಿನ್ ಬಾಯಿಂದ್ಲೇ ಇಷ್ಟೆಲ್ಲ ಆಗಿದ್ದು."

ಆ ಮಾತು ಗಿಣಿಗೆ ನಾಟಿತು, ಯಾಕೆಂದರೆ ನಿಜವಾಗಿತ್ತು.

ಬರುವವರೂ ಬದಲಾಗಿದ್ದರು. ಮೊದಲೆಲ್ಲ ಬರುತ್ತಿದ್ದುದು ಪಕ್ಕದ ಗ್ಯಾರೇಜಿನವರು, ಅಂಚೆಯವನು, ಬಟ್ಟೆ ಅಂಗಡಿಯ ಹುಡುಗಿಯರು. ಉಂಡು, ಕೈತೊಳೆದು, ಹೋಗುವವರು. ಈಗ ಬರುವವರು ಉಂಡ ಮೇಲೆ ತಿರುಗಿ ಸೊಸೆಯನ್ನು ಕೇಳುತ್ತಿದ್ದರು. "ನಿಜವಾಗ್ಲೂ ನೀವಿನ್ನೂ ಊಟ ಮಾಡಿಲ್ವಾ?" ಇಲ್ಲ ಅಂದರೆ ಅವರ ಮುಖ ಅರಳುತ್ತಿತ್ತು. ಒಬ್ಬ ಮಹಾಶಯ ತಟ್ಟೆಯಲ್ಲಿ ಎರಡು ತುಂಡು ಗಡ್ಡೆ ಬಿಟ್ಟು, "ಇದು ನಿಮಗೆ" ಅಂದ! ಸೊಸೆ ಆ ತಟ್ಟೆಯನ್ನು ಅವನ ಕಣ್ಣೆದುರೇ ಕಸದ ಡಬ್ಬಿಗೆ ಬಗ್ಗಿಸಿದಳು. ಅದಕ್ಕೆ ಗಂಡ ಹೆಂಡತಿಗೆ ದೊಡ್ಡ ಜಗಳವೇ ಆಯಿತು.

ಮೂರನೆಯ ವಾರ ಸೊಸೆ ಒಂದು ಉಪಾಯ ಮಾಡಿದಳು. ಹನ್ನೆರಡಕ್ಕೆ ಹಂಡೆ ಇಳಿಸಿದ ತಕ್ಷಣ ಅತ್ತೆಗೆ ಅಂತ ಒಂದು ಬಟ್ಟಲು ಸಾರು ತೆಗೆದು, ಮುಚ್ಚಿ, ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು. ನಾಲ್ಕನೆಯ ದಿನಕ್ಕೆ ಸೌಟಮ್ಮನ ಕೈಗೆ ಸಿಕ್ಕಿಬಿತ್ತು.

"ಇದೇನಿದು?"

"ನಿಮಗೇ ಅತ್ತೆ. ಸೂಜಿ ಹಾಕ್ತೀವಲ್ಲ, ಅದಕ್ಕೆ."

"ಗಿರಾಕಿ ಕಾಯ್ತಾ ಕೂತಿರೋವಾಗ ನಾನು ಕದ್ದಿಟ್ಕೊಂಡು ತಿನ್ನೋಳಾ? ನಲವತ್ತೈದು ವರ್ಷ ಇಲ್ದಿದ್ದು ಇವತ್ತು ಕಲಿಸ್ತೀಯಾ ನಂಗೆ?" ಅಂದವಳೇ ಬಟ್ಟಲನ್ನು ತೆಗೆದುಕೊಂಡು ಹೋಗಿ ಮೂರನೆಯ ಮೇಜಿನಲ್ಲಿ ಕೂತಿದ್ದವನ ಮುಂದೆ ಇಟ್ಟು ಬಂದಳು.

ಆಮೇಲೆ ಮೇಲೆ ಹೋಗಿ ಗೋಡೆಗೆ ಮುಖಮಾಡಿ ಮಲಗಿದಳು. ಅವಳ ಮುನಿಸು ಹಾಗೇ. ಬೈದು ಮುಗಿಸಿದ ಮೇಲೆ ಗೋಡೆಗೆ ತಿರುಗಿದಳೆಂದರೆ ದೇವರೇ ಬಂದು ಕರೆದರೂ ಉತ್ತರ ಇಲ್ಲ. ತಾನಾಗಿ ಎದ್ದು ಬರುವವರೆಗೆ ಬಿಡಬೇಕು. ಮಗನಿಗೆ ಇದು ಹಾಲು ಕುಡಿಯುವ ವಯಸ್ಸಿನಿಂದ ಗೊತ್ತು. ಆ ಸಲ ಎರಡು ದಿನ ಹಿಡಿಯಿತು. ಸೊಸೆ ಹೋಗಿ ಬಾಯಿಗೆ ಚಮಚ ಹಿಡಿದರೆ ಬಾಯಿ ಮಾತ್ರ ತೆರೆಯುತ್ತಿದ್ದಳು, ಕಣ್ಣು ತೆರೆಯುತ್ತಿರಲಿಲ್ಲ.

ಸೊಸೆಯೇನು ಕಡಿಮೆಯವಳೇ? ಬಟ್ಟಲಿನ ಜಾಗ ಬದಲಿಸಿದಳು, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ. ಅತ್ತೆಗೆ ಅನುಮಾನ ಬರಬಾರದಲ್ಲ, ಅದಕ್ಕೆ ಹಂಡೆಯ ತಳದಿಂದ ಕರಿ ಹಿಡಿದದ್ದನ್ನು ಒಂದಿಷ್ಟು ಕೆರೆದು ಆ ಬಟ್ಟಲಿಗೆ ಬೆರೆಸಿದಳು. ಒಳ್ಳೆಯ ಸಾರಿಗೆ ಸೀದದ್ದನ್ನು ಬೆರೆಸುವ ಪಾಪ ಬೇರೆ ಯಾವ ಮನೆಯಲ್ಲಿ ಮಾಡುತ್ತಾರೋ ಗೊತ್ತಿಲ್ಲ.

ಸೌಟಮ್ಮ ಮೊದಲ ಚಮಚಕ್ಕೇ, "ತಳ ಹಿಡಿಸಿದಾನೆ ಇವನು. ಮನಸ್ಸೆಲ್ಲಿಟ್ಟಿರ್ತಾನೋ," ಅಂದಳು.

"ಹೂಂ ಅತ್ತೆ. ಹೇಳ್ತೀನಿ ಅವರಿಗೆ," ಅಂದಳು ಸೊಸೆ. ಬಟ್ಟಲು ಖಾಲಿಯಾಯಿತು. ಮೆಟ್ಟಿಲಿಳಿಯುವಾಗ ಅವಳಿಗೆ ಅಳುವೂ ಬಂತು, ನಗುವೂ ಬಂತು.

ಬಟ್ಟಲಿನ ವಿಷಯ ಗಂಡನಿಗೆ ಗೊತ್ತಿತ್ತು. ಬೇಡ ಅನ್ನಲಿಲ್ಲ. ಆದರೆ ಒಂದು ದಿನ ತೊಟ್ಟಿಯ ಕೆಳಗೆ ಬಗ್ಗಿ ನೋಡಿ, "ಗೋಡೆ ಮೇಲೆ ಒಂದು ಬರೆದು ನೇತುಹಾಕಿದೀವಿ, ಇಲ್ಲಿ ಇನ್ನೊಂದು ಮಾಡ್ತಿದೀವಿ. ಯಾರಾದ್ರೂ ನೋಡಿದ್ರೆ?" ಅಂದ.

"ನೋಡ್ಲಿ. ನಿಮ್ಮಮ್ಮ ಬದುಕಿರ್ಬೇಕೋ, ಗೋಡೆ ಮೇಲಿರೋ ಕಾಗದ ಬದುಕಿರ್ಬೇಕೋ?"

"ಏನ್ ಮಾತಾಡ್ತೀಯೇ ನೀನು!" ಅಂದ. ಕೆಟ್ಟವನಲ್ಲ ಅವನು. ಇಪ್ಪತ್ತೆಂಟು ವರ್ಷ ಒಲೆ ಮುಂದೆ ನಿಂತರೂ 'ಸೌಟಮ್ಮನ ಮಗ' ಅಂತಲೇ ಕರೆಸಿಕೊಂಡವನು. ಈಗ ಮೊದಲ ಬಾರಿಗೆ ಗೊತ್ತಿಲ್ಲದವರು ಬಂದು ಕೈಕುಲುಕುತ್ತಿದ್ದರು. ತಲೆ ತಿರುಗಿತು, ಅಷ್ಟೇ. ನನಗೂ ತಿರುಗುತ್ತಿತ್ತು, ನಿಮಗೂ ತಿರುಗುತ್ತಿತ್ತು.

ಐದನೆಯ ವಾರದ ಶನಿವಾರ ಬೆಳಿಗ್ಗೆ ನಾಲ್ಕು ಜನ ಹುಡುಗ ಹುಡುಗಿಯರು ಫೋನು ಹಿಡಿದು ಅಡುಗೆಮನೆಗೇ ನುಗ್ಗಿದರು. ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಮುದುಕಿಯ ಚಿತ್ರ ತೆಗೆದರು. ಮಗ ಬೇಡ ಅನ್ನಲಿಲ್ಲ, "ಅಮ್ಮ, ಸ್ವಲ್ಪ ತಲೆ ಎತ್ತು," ಅಂದ.

ಅವರು ಹೋದ ಮೇಲೆ ಸೌಟಮ್ಮ ಅಂದಳು, "ನಾನೇನು ಬೋನಿನಲ್ಲಿರೋ ಕೋತಿನಾ ಕಣೋ?"

"ಅಭಿಮಾನ ಇಟ್ಕೊಂಡು ಬರ್ತಾರಮ್ಮ."

"ಹಸಿವಿಟ್ಕೊಂಡು ಬರೋರಿಗೆ ನಾನು ಅಂಗಡಿ ಹಾಕಿದ್ದು. ಅಭಿಮಾನ ಇಟ್ಕೊಂಡು ಬರೋರಿಗಲ್ಲ."

"ನೀನು ಹಾಕಿದ ಕಟ್ಟಳೆನೇ ತಾನೆ ನಾನು ನಡೆಸ್ತಿರೋದು? ಈಗ ಅದೂ ತಪ್ಪಾ?"

ಅವಳು ಎದ್ದು ಮೇಲೆ ಹೋದಳು. ಹನ್ನೆರಡಾದರೂ ಇಳಿಯಲಿಲ್ಲ.

ಅವತ್ತಿನ ಜನ ಹೇಳತೀರದು. ಎರಡೂ ಕಾಲಿಗೆ ಬ್ರೆಡ್ಡೂ ಮುಗಿಯುತ್ತ ಬಂತು. ಎರಡೂವರೆಗೆ ಸೊಸೆ ಮೇಲೆ ಹೋಗಿ ಸೂಜಿ ಹಾಕಿದಳು. ಅತ್ತೆ ಗೋಡೆಗೆ ತಿರುಗಿಕೊಂಡೇ ತೋಳು ಕೊಟ್ಟಳು. ಕೆಳಗಿಳಿದು ಬಂದು ಗಂಡನಿಗೆ ಹೇಳಿದಳು:

"ಸೂಜಿ ಆಯ್ತು. ಬಟ್ಟಲು ತೊಟ್ಟಿ ಕೆಳಗಿದೆ. ಹತ್ತು ನಿಮಿಷ ಬಿಟ್ಟು ತಗೊಂಡ್ಹೋಗಿ ಕೊಡಿ. ನಾನು ಬೇಕರಿಗೆ ಹೋಗಿ ಸಂಜೆಗೆ ಬ್ರೆಡ್ ತರ್ತೀನಿ. ಮರೀಬೇಡಿ."

"ಮರೆಯಲ್ಲ ಹೋಗೇ."

ಮರೆಯಲಿಲ್ಲ. ಅದೇ ಸಂಕಟ. ಮರೆತಿದ್ದರೆ ಮರೆವು ಅನ್ನಬಹುದಿತ್ತು. ಬಟ್ಟಲನ್ನು ಎತ್ತಿ, ಬಿಸಿ ಮಾಡಿ, ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಕಡೆ ತಿರುಗುವಾಗ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ವಯಸ್ಸಾದ ಗಂಡ ಹೆಂಡತಿ. ಹೆಂಗಸಿನ ಕೈಯಲ್ಲಿ ಮಡಿಸಿ ಮಡಿಸಿ ಹರಿದ ಪತ್ರಿಕೆಯ ತುಂಡು.

"ಎರಡು ಬಸ್ಸು ಬದಲಾಯಿಸಿ ಬಂದ್ವಪ್ಪ," ಅಂದ ಮುದುಕ. "ಮುಗಿದುಹೋಯ್ತಾ?"

ಹಂಡೆ ಬೋರಲು ಹಾಕಿ ಆಗಿತ್ತು. ಅದನ್ನೂ ಅವರು ನೋಡಿದರು, ಅವನ ಕೈಯಲ್ಲಿ ಹಬೆಯಾಡುತ್ತಿದ್ದ ಬಟ್ಟಲನ್ನೂ ನೋಡಿದರು.

"ಅದು ನಿಮ್ಮ ಊಟನಾ? ಹಾಗಾದ್ರೆ ಬೇಡ ಬೇಡ. ನಾವು ಬೇರೆ ಕಡೆ ನೋಡ್ತೀವಿ," ಅಂದಳು ಹೆಂಗಸು. ಅವಳ ಕಣ್ಣು ಮಾತ್ರ ಗೋಡೆಯ ಮೇಲಿನ ಗಾಜಿನ ಚೌಕಟ್ಟಿಗೆ ಹೋಗಿತ್ತು.

ಅವನಿಗೆ ಮೈಯೆಲ್ಲ ನಾಚಿಕೆ. "ಛೆ ಛೆ, ಕೂತ್ಕೊಳ್ಳಿ. ನಮ್ಮನೇಲಿ ಗಿರಾಕಿ ಮೊದಲು," ಅಂದ. ಬಟ್ಟಲನ್ನು ಎರಡು ತಟ್ಟೆಗೆ ಪಾಲು ಮಾಡಿ ಇಟ್ಟ. ಅಮ್ಮನಿಗೆ ಒಂದು ಮೊಟ್ಟೆ ಬೇಯಿಸಿ, ಇರುವ ಬ್ರೆಡ್ ಕೊಟ್ಟರಾಯಿತು ಅಂದುಕೊಂಡ. ಮೊಟ್ಟೆ ಬೇಯುವಷ್ಟರಲ್ಲಿ ಅವರು ಸಾರು ಹೊಗಳಿದರು. ತಳ ಹಿಡಿದ ಆ ವಾಸನೆ ಎಷ್ಟು ಹಿತ, ಇದನ್ನು ಹೇಗೆ ಬರಿಸುತ್ತೀರಿ ಅಂತ ಕೇಳಿದರು. ಅವನು ನಿಂತು ಮಾತಾಡಿದ.

ತಟ್ಟೆ ಹಿಡಿದು ಮೇಲೆ ಹೋದಾಗ ಮೂರೂ ಕಾಲು.

"ಅಮ್ಮ, ಊಟ."

ಗೋಡೆಗೆ ತಿರುಗಿ ಮಲಗಿದ್ದಳು. ಏನೋ ಗೊಣಗಿದ ಹಾಗಾಯಿತು, ಮಾತು ಸ್ಪಷ್ಟ ಇರಲಿಲ್ಲ.

"ಬೆಳಗಿನ ಮುನಿಸು ಇನ್ನೂ ಇಳಿದಿಲ್ವಾ ನಿಂಗೆ? ಸರಿ ಸರಿ, ತಪ್ಪಾಯ್ತು. ಇನ್ಮೇಲೆ ಯಾರೂ ಫೋಟೋ ತೆಗೆಯಲ್ಲ. ಏಳು."

ಉತ್ತರ ಇಲ್ಲ.

"ಆಯ್ತಮ್ಮ, ನೀನೇ ಎದ್ದು ತಿನ್ನು. ಇಲ್ಲೇ ಇಟ್ಟಿದೀನಿ," ಅಂದು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಇಳಿದು ಬಂದ.

ಸೊಸೆ ಬೇಕರಿಯ ಸಾಲಿನಲ್ಲಿ ನಿಂತು ನಿಂತು ನಾಲ್ಕಕ್ಕೆ ಬಂದಳು. ಬಂದವಳೇ ಕೇಳಿದ್ದು, "ಅತ್ತೆಗೆ ಕೊಟ್ರಾ?"

"ಕೊಟ್ಟೆ."

"ತಿಂದ್ರಾ?"

"ಮುನಿಸ್ಕೊಂಡಿದಾಳೆ. ತಿಂದಿರ್ತಾಳೆ. ನಾನಿದ್ರೆ ಮುಟ್ಟಲ್ಲ."

ಅವಳು ಒಂದು ಕ್ಷಣ ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಸಂಜೆಯ ಬ್ರೆಡ್ ಕೊಯ್ಯಲು ಕೂತಳು. ಆ ಒಂದು ಕ್ಷಣವನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

ಐದೂ ಕಾಲಿಗೆ ಟೀ ತೆಗೆದುಕೊಂಡು ಹೋದಾಗ ತಟ್ಟೆ ಇಟ್ಟಲ್ಲೇ ಇತ್ತು. ಮೊಟ್ಟೆ ಮುಟ್ಟಿರಲಿಲ್ಲ. ತಲೆದಿಂಬು ಬೆವರಿಗೆ ನೆನೆದಿತ್ತು. ಭುಜ ಹಿಡಿದು ತಿರುಗಿಸಿದರೆ ಕಣ್ಣು ಅರ್ಧ ತೆರೆದಿತ್ತು, ದವಡೆ ಬಿಗಿದಿತ್ತು.

"ರೀ!" ಆ ಕೂಗಿಗೆ ಪಕ್ಕದ ಬಾರಿನವರೂ ಓಡಿಬಂದರು. ಸೊಸೆ ಸಕ್ಕರೆಯನ್ನು ಮುಷ್ಟಿಯಲ್ಲಿ ಹಿಡಿದು ಒಸಡಿಗೆ ತಿಕ್ಕುತ್ತಿದ್ದಳು. "ಏನ್ ಕೊಟ್ರಿ ಇವ್ರಿಗೆ? ಸಾರೆಲ್ಲಿ? ಬಟ್ಟಲೆಲ್ಲಿ?"

ಅವನು ಹೇಳಿದ. ಹೇಳಲೇಬೇಕಾಯಿತು.

"ಅಯ್ಯೋ, ನಿಮ್ಮ ಕೈ ಸೇದಿಹೋಗ!" ಅಂದಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಗಂಡನಿಗೆ ಶಾಪ ಹಾಕಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಜೀವ ಉಳಿಯಿತು. "ತುಂಬಾ ಹೊತ್ತು ಮೆದುಳಿಗೆ ಸಕ್ಕರೆ ಸಿಕ್ಕಿಲ್ಲ," ಅಂದರು ಡಾಕ್ಟರು. "ಇನ್ನು ಹೀಗೇ. ಮಾತು ಬರಲ್ಲ, ಗುರುತೂ ಸಿಗಲ್ಲ. ನುಂಗೋಕಾಗಲ್ಲ, ಮೂಗಿನ ನಳಿಕೆಯಲ್ಲೇ ಊಟ. ಮೂರು ಗಂಟೆಗೊಂದ್ಸಲ. ಹೊತ್ತು ತಪ್ಪಿಸ್ಬೇಡಿ."

ಗಿಣಿ ಪತ್ರಿಕೆಯವಳಿಗೆ ಫೋನು ಮಾಡಿದಳು. ಮನೆಯವರ ಊಟದ ಆ ಸಾಲು ತೆಗೆದುಹಾಕಿ ಅಂದಳು. ಆಕೆ ನಿಜವಾಗಿಯೇ ಮರುಗಿದಳು, ಅತ್ತಳು ಕೂಡ. ಮುದ್ರಣವಾದದ್ದನ್ನು ವಾಪಸು ತೆಗೆದುಕೊಳ್ಳಲಾಗದು, ಫೋನಿನಲ್ಲಿ ಬರುವುದನ್ನು ತಿದ್ದಿಸಲು ಕೇಳುತ್ತೇನೆ ಅಂದಳು. ಕೇಳಿದಳೋ ಇಲ್ಲವೋ, ಸಾಲು ಹಾಗೇ ಇತ್ತು. ಗಿಣಿ ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಳು. ಕೇಳಿದ್ದಕ್ಕೆ ಹೂಂ, ಉಹುಂ, ಅಷ್ಟೇ.

ತಿಂಗಳ ಮೇಲೆ ಅಂಗಡಿ ತೆರೆದರು. ತೆರೆಯದೆ ಏನು ಮಾಡುತ್ತಾರೆ?

ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಒಂದೇ ಒಲೆಯ ಮುಂದೆ ನಿಲ್ಲುತ್ತಾರೆ. ಒಂದು ಸಂಜೆ ಅವನೇ ಅಂದ, "ಬೈದುಬಿಡೇ. ಹೀಗೆ ಸುಮ್ನೆ ಇರ್ಬೇಡ."

"ಬೈಯೋಕೆ ನಂಗೆಲ್ಲಿದೆ ಬಾಯಿ? ಸೂಜಿ ಹಾಕ್ದೋಳು ನಾನು. ಮೆಟ್ಟಿಲ ಬುಡದಲ್ಲಿ ನಿಂತು ಹತ್ತದೇ ಇದ್ದೋಳೂ ನಾನೇ."

ಹಗಲಿನ ಊಟವನ್ನೆಲ್ಲ ಅಮ್ಮನಿಗೆ ಅವನೇ ಕೊಡುತ್ತಾನೆ, ಬೇರೆಯವರಿಗೆ ಬಿಡುವುದಿಲ್ಲ. ಆಹಾರದ ಪುಡಿ ಕಲಸಿ, ಶೋಧಿಸಿ, ನಳಿಕೆಗೆ ಸಿಕ್ಕಿಸಿದ ಕೊಳವೆಗೆ ಸುರಿದು, ಅದನ್ನು ಎತ್ತರಕ್ಕೆ ಹಿಡಿದು ಇಪ್ಪತ್ತು ನಿಮಿಷ ನಿಲ್ಲಬೇಕು. ಬೆಳಿಗ್ಗೆ ಏಳು, ಹತ್ತು, ಮಧ್ಯಾಹ್ನ ಒಂದು, ಸಂಜೆ ನಾಲ್ಕು. ಒಂದು ಗಂಟೆಯೆಂದರೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರದ ಹೊತ್ತು. ಆದರೂ ಸೌಟನ್ನು ಹೆಂಡತಿಯ ಕೈಗಿಟ್ಟು ಮೇಲೆ ಹೋಗುತ್ತಾನೆ.

ಮೊನ್ನೆ ಶನಿವಾರ ಅವನು ಹಾಗೆ ಕೊಳವೆ ಹಿಡಿದು ನಿಂತಿದ್ದಾಗ ಕೆಳಗೆ ಬೀದಿಯಲ್ಲಿ ಸಾಲು ಬಾರಿನ ಬಾಗಿಲವರೆಗೂ ಬೆಳೆದಿತ್ತು. ಯಾರೋ ಫೋನು ನೋಡಿ 'ನೀವು ಬಿಟ್ಟದ್ದೇ ಅವರ ಊಟ' ಅಂತ ಜೊತೆಯವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಎಲ್ಲವೂ ಕಿಟಕಿಗೆ ಕೇಳುತ್ತಿತ್ತು. ಅವನು ಅಮ್ಮನ ಮುಖ ನೋಡಿದ. ಅವಳನ್ನು ಈಗ ಗೋಡೆಗೆ ತಿರುಗಿಸಿ ಮಲಗಿಸುವುದಿಲ್ಲ, ಅಂಗಾತವೇ. ಕಣ್ಣು ಸೂರಿನ ಕಡೆ.

ಅವನು ಇನ್ನೊಂದು ಕೈಯಿಂದ ಕಿಟಕಿಯ ಬಾಗಿಲು ತಳ್ಳಿದ.

"ಊಟ ಇಲ್ಲ!" ಅಂತ ಕೂಗಿದ. ಹಂಡೆಯಲ್ಲಿ ಇನ್ನೂ ಅರ್ಧದಷ್ಟಿತ್ತು. "ಇವತ್ತು ಯಾರಿಗೂ ಊಟ ಇಲ್ಲ! ಹೊರಟುಹೋಗಿ ಎಲ್ಲ! ಬೇರೆ ಕಡೆ ಎಲ್ಲಾದ್ರೂ ತಿನ್ಕೊಳ್ಳಿ!"

ಸಾಲು ಒಮ್ಮೆ ತಲೆ ಎತ್ತಿ ನೋಡಿತು. ಕೆಳಗೆ ಸೊಸೆ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಸಾಲಿನವರು ಗೊಣಗುತ್ತ, ನಗುತ್ತ, ಒಬ್ಬೊಬ್ಬರಾಗಿ ಕದಲಿದರು.

"ನೋಡಮ್ಮ," ಅಂದ ಅವನು, ಬಗ್ಗಿ, ಅವಳ ಕಿವಿಯ ಹತ್ತಿರ. "ಹಸಿದು ಬಂದೋರನ್ನ ಬಾಗಿಲಿಂದ ಕಳಿಸಿಬಿಟ್ಟೆ. ಇಷ್ಟೂ ಜನಾನ. ಕೇಳಿಸ್ತಾ? ಬೈಯಮ್ಮ. ಒಂದೇ ಒಂದ್ಸಲ ಬೈಯಿ."

ಅವಳು ಸೂರನ್ನೇ ನೋಡುತ್ತಿದ್ದಳು. ಕೊಳವೆಯಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಅದು ಇಳಿಯುವವರೆಗೆ ಅವನು ಕೈ ಎತ್ತಿ ಹಿಡಿದು ನಿಂತ.